ಬೆನೆದೆಕ್‌ನ ಮೀಸೆಯ ಹಿಂದೆ

ಬುಡಾಪೆಸ್ಟಿನ ಬೆನೆದೆಕ್‌ಗೆ ಪ್ರವಾಸಿಗರನ್ನು ನಿಂತೇ ಓಡಿಸುವ ಎರಡು ಚಕ್ರದ ಸೆಗ್ವೇ ಗಾಡಿ ಹತ್ತಿಸಿ ಊರು ತೋರಿಸುವುದೇ ಕಸುಬು. "ಕಾಲು ನೋಡ್ಕೋಬೇಡಿ ತಾಯೀ, ನನ್ನ ಮೀಸೆ ನೋಡಿ, ಬೀಳಲ್ಲ" ಎಂದು ಶುರುಮಾಡಿ, ಬಾತುಕೋಳಿಗಳಂತೆ ಸಾಲಾಗಿ ಹಿಂಬಾಲಿಸುವವರಿಗೆ ಸಂಸತ್ತು, ಸೇತುವೆ, ಕಲ್ಲಿನ ಸಿಂಹಗಳನ್ನೆಲ್ಲ ತನ್ನ ಮುತ್ತಜ್ಜನೇ ಕಟ್ಟಿಸಿದಂತೆ ವರ್ಣಿಸುತ್ತಾನೆ. ಕುದುರೆಯೇರಿದ ರಾಜನ ಪ್ರತಿಮೆ ಕಂಡರೆ, "ಪಾಪ, ಇವನಿಗೆ ಸೆಗ್ವೇ ಸಿಗ್ಲಿಲ್ಲ" ಎಂದು ದಿನವೂ ಮರುಗುತ್ತಾನೆ. ಯಾರೂ ನಗದಿದ್ದರೆ ಇನ್ನೊಮ್ಮೆ ಹೇಳುತ್ತಾನೆ. ಕೊನೆಗೆ ಬಣ್ಣ ಮಾಸಿದ ಹಳದಿ ಮನೆಯೊಂದರ ಮುಂದೆ ನಿಲ್ಲಿಸಿ, "ಎಲ್ರೂ ಮೇಲಿನ ಕಿಟಕಿಗೆ ಕೈ ಬೀಸ್ರಪ್ಪಾ, ಇದು ನಮ್ಮೂರ ಪದ್ಧತಿ!" ಎನ್ನುತ್ತಾನೆ. ಅಂಥ ಪದ್ಧತಿ ಊರಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಗಾಲಿಕುರ್ಚಿಯಲ್ಲಿ ಕೂತ ಅವನ ತಾಯಿ ಆ ಕಿಟಕಿಯಿಂದ ತಾನೂ ಕೈ ಬೀಸುತ್ತಿದ್ದಳು. ಅವಳು ತೀರಿಕೊಂಡ ಚಳಿಗಾಲದಿಂದ ಆ ಕಿಟಕಿ ಮುಚ್ಚಿಯೇ ಇದೆ. ಪದ್ಧತಿ ಮಾತ್ರ ತಪ್ಪಿಲ್ಲ.