ಲೆನ್ಸಿಗೆ ಹಚ್ಚಿದ ಕೊಬ್ಬರಿ ಎಣ್ಣೆ

೧೯೯೮ರ ಜೂನ್ ತಿಂಗಳ ಒಂದು ಭಾನುವಾರ, ಪುಣೆಯ ನಮ್ಮ ಕನ್ನಡ ಮಂಡಳಿಯಲ್ಲಿ ಹಿಮಾಚಲ ಪ್ರವಾಸದ ಸ್ಲೈಡು ತೋರಿಸಿದೆ. ಮೊದಲನೆಯದರಲ್ಲಿ ಬಿಳಿ ಪರದೆಯ ಮೇಲೆ ಒಂದು ಮಬ್ಬು ಕೆಂಪು ಉಂಡೆ. "ಇವರು ನನ್ನ ಶ್ರೀಮತಿ," ಎಂದೆ. ಹಿಂದಿನ ಸಾಲಿನಿಂದ ಯಾರೋ, "ಯಾವ ಉಂಡೀರಿ, ಎಳ್ಳಿಂದೋ ಶೇಂಗಾದ್ದೋ?" ಎಂದರು. ಶ್ರೀಮತಿ ಆ ದಿನ ಮಾತಾಡಲಿಲ್ಲ. ಮರುದಿನ ಮಾತಾಡಿದರು, ಮೊದಲನೆಯ ದಿನವೇ ವಾಸಿಯಿತ್ತು.

ಲೆನ್ಸ್ ಹಿಡಿದು ಬುಧವಾರ ಪೇಠೆ ಎಂಬ ಬಡಾವಣೆಯ ಗೂಳಪ್ಪನವರಲ್ಲಿಗೆ ಓಡಿದೆ. ಬೈಲಹೊಂಗಲದ ಕಡೆಯವರು, ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕ್ಯಾಮೆರಾ ರಿಪೇರಿ ಮಾಡುತ್ತಿದ್ದರು. ಫೋಕಸ್ ಉಂಗುರ ತಿರುಗಿಸಿದರು, ಮೂಸಿದರು.

"ಏನ್ ಹಚ್ಚೀರಿ ಇದಕ್ಕ?"

"ಸ್ವಲ್ಪ ಬಿಗಿ ಇತ್ರಿ. ಎರಡ್ ಹನಿ ಕೊಬ್ಬರಿ ಎಣ್ಣಿ..."

"ಡಿಸೆಂಬರದಾಗ ನಿಮ್ಮ ಮನ್ಯಾಗ ಕೊಬ್ಬರಿ ಎಣ್ಣಿ ಬಾಟ್ಲಿ ಹೆಂಗಿರ್ತದ್ರಿ?"

"ಗಟ್ಟಿ ಆಗಿರ್ತದ. ಕಡ್ಡಿ ಹಾಕಿ ಕೆರಕೋತೀವಿ."

"ಪುಣೇದಾಗ ಕಡ್ಡಿ. ಹಿಮದಾಗ ಹಾರಿ ಬೇಕಾಗ್ತದ."

ಸ್ಟೂಲಿನ ಮೇಲಿದ್ದ ಇಂದೂ ಎಂಬ ಶಾಲಾ ಶಿಕ್ಷಕಿ ನಕ್ಕರು. ಆದರೆ ಅವರ ಲೆನ್ಸಿಗೂ ಅದೇ ರೋಗ. ಹೋದ ವರ್ಷ ಲಡಾಖಿನ ಶಿಖರವೊಂದನ್ನು ಏರಿದ್ದರು. ಜೊತೆಗಾರ ಕೆಳಗೇ ಉಳಿದಿದ್ದರಿಂದ ಫೋಟೋವೊಂದೇ ಸಾಕ್ಷಿ. ತುದಿಯಲ್ಲಿ ಉಂಗುರವೇ ತಿರುಗಲಿಲ್ಲ. ಅವರ ಪರ್ವತಾರೋಹಣ ಕ್ಲಬ್ಬಿನವರು ಆ ಮಬ್ಬು ನೋಡಿ, "ಮೇಡಂ, ಇದು ಶಿಖರವೋ, ಹಿಟ್ಟಿನ ಗಿರಣಿಯೋ?" ಎಂದು ಕೇಳಿ, ಹೆಸರು ದಾಖಲಿಸದೆ ಬಿಟ್ಟರು. ಈಗ ಮತ್ತೆ ಅಲ್ಲಿಗೇ ಹೊರಟಿದ್ದರು. ರೈಲಿಗೆ ಐದು ದಿನ ಬಾಕಿ.

"ಈ ಸಲನೂ ಮಬ್ಬಾದ್ರ ನಾ ಮತ್ತ ಏರಂಗಿಲ್ರಿ ಗೂಳಪ್ಪಣ್ಣ," ಎಂದರು.

"ನಿಮ್ಮದ್ರಾಗ ಕೊಬ್ಬರಿ ಎಣ್ಣಿ ಇಲ್ಲ, ಕಾರ್ಖಾನಿ ಗ್ರೀಸ್ ಅದ. ಥಂಡಿಗೆ ಅದೂ ಬೆಲ್ಲದ ಪಾಕ ಆಗ್ತದ."

ಹಳೆಯ ಗ್ರೀಸನ್ನೆಲ್ಲ ತೊಳೆದು, ಸೂಜಿಯ ಮೊನೆಯಲ್ಲಿ ತೆಳು ಎಣ್ಣೆ ಸವರಿದರು. "ಇನ್ನಷ್ಟು ಧಾರಾಳ ಹಾಕ್ರಲಾ," ಎಂದೆ.

"ಹೆಚ್ಚಾದ್ರ ಹರದು ಒಳಗ ಬೆಳಕು ತಡಿಯೋ ಎಲಿಗೋಳಿಗೆ ಅಂಟ್ತದ. ಎಣ್ಣಿ ಬಗ್ಗೆ ನೀವು ಮಾತಾಡಬ್ಯಾಡ್ರಿ."

ಪರೀಕ್ಷೆಗೆ ಹಿಮ ಎಲ್ಲಿಂದ ತರುವುದು? ಮಾರ್ಕೆಟ್ ಯಾರ್ಡಿನಲ್ಲಿ ಅವರ ಗೆಳೆಯ ಸಿದ್ರಾಮಪ್ಪನ ಶೀತಗೃಹವಿತ್ತು. ಸೊನ್ನೆಯ ಕೆಳಗೆ ಹದಿನೆಂಟು ಡಿಗ್ರಿಯಲ್ಲಿ ಬಟಾಣಿ ಇಡುತ್ತಿದ್ದರು. ಗೂಳಪ್ಪ ಕಂಬಳಿ ಹೊದ್ದು, ಇಂದೂ ಶಿಖರದಲ್ಲಿ ತೊಡುವ ದಪ್ಪ ಕೈಗವಸನ್ನೇ ತಾವು ತೊಟ್ಟು ಒಳಹೊಕ್ಕರು. ಧೈರ್ಯ ತೋರಿಸಲು ನಾನೂ ಹೋದೆ. ನಾಲ್ಕು ನಿಮಿಷದಲ್ಲಿ ಹೊರಗೆ ಚಹಾ ಕುಡಿಯುತ್ತಿದ್ದೆ. ಗೂಳಪ್ಪ ಎರಡು ತಾಸು ಕೂತರು. ಉಂಗುರ ಕಚ್ಚಿಕೊಂಡಿತು. ಮತ್ತೆ ಬಿಚ್ಚಿದರು, ತೊಳೆದರು, ಎಣ್ಣೆ ಇನ್ನೂ ಕಡಿಮೆ ಮಾಡಿದರು. ಎರಡನೆಯ ದಿನ ಕಿರ್ರೆಂದು ಅರ್ಧಕ್ಕೆ ನಿಂತಿತು. ಮೂರನೆಯ ದಿನ ಕೈಗವಸಿನ ಒಂದೇ ಬೆರಳಿಗೆ ಸರಾಗ ತಿರುಗಿತು.

ಲೆನ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗೆ ತಂದರು. ನೋಡೋಣವೆಂದು ನಾನು ಚೀಲಕ್ಕೆ ಕೈ ಹಾಕಿದೆ. ಗೂಳಪ್ಪನವರ ಏಟು ಫಟ್ಟೆಂದು ಕೈಗೆ ಬಿತ್ತು.

"ಬಿಚ್ಚಬ್ಯಾಡ್ರಿ! ಥಂಡಿ ಗಾಜಿಗೆ ಬೆಚ್ಚನ ಗಾಳಿ ಬಡದ್ರ ಬೆವರ್ತದ. ಚೀಲದಾಗ ತಾಸೊತ್ತು ಇರ್ಲಿ."

ಅದೇ ಮಾತನ್ನು, ಡೇರೆಯೊಳಗೆ ಒಯ್ಯುವ ಮೊದಲು ಚೀಲ ಕಟ್ಟಬೇಕೆಂದು, ಇಂದೂ ಅವರ ಕೈಯಲ್ಲಿ ಬರೆಸಿ, ಓದಿಸಿ, ಕಳಿಸಿದರು.

ಆಗಸ್ಟಿನಲ್ಲಿ ಇಂದೂ, ತುದಿಯಲ್ಲಿ ಟೈಮರ್ ಇಟ್ಟು ತಾವೇ ತೆಗೆದುಕೊಂಡ ಫೋಟೋ ತಂದರು. ತುದಿಯ ಬಾವುಟದ ಹೊಲಿಗೆ ಎಣಿಸಬಹುದಿತ್ತು. ಅವರ ಒಡೆದ ತುಟಿಯೂ ಸ್ಪಷ್ಟ. ಕ್ಲಬ್ಬಿನವರು ಹೆಸರು ಬರೆದುಕೊಂಡಿದ್ದರು. ಇಂದೂ ಅಳುತ್ತಾ ನಗುತ್ತಿದ್ದರು. ಗೂಳಪ್ಪ ಶಿಖರ ನೋಡಲೇ ಇಲ್ಲ. ಭೂತಗಾಜಿಟ್ಟು ಚಿತ್ರದ ನಾಲ್ಕೂ ಮೂಲೆ ಪರೀಕ್ಷಿಸಿದರು. "ಮೂಲಿ ಚಲೋ ಬಂದಾವು."

ಈ ಮನುಷ್ಯ ಉತ್ತರಕ್ಕೆ ಪುಣೆಯ ಮಗ್ಗುಲಿನ ಶಿರೂರು ದಾಟಿದವರಲ್ಲ, ದಕ್ಷಿಣಕ್ಕೆ ಊರಿಗೊಮ್ಮೆ, ಜೇಜುರಿಯ ಖಂಡೋಬನಿಗೊಮ್ಮೆ. ತಡೆಯಲಾರದೆ ಕೇಳಿದೆ: "ಇಷ್ಟೆಲ್ಲ ತಿಳದದಲಾ ನಿಮಗ, ಹಿಮ ಎಂದಾದ್ರೂ ಕಣ್ಣಿಲೆ ನೋಡೀರೇನ್ರಿ?"

"ನೋಡೀನಲ್ರಿ," ಎಂದರು ಗೂಳಪ್ಪ, ಮುಂದಿನ ಲೆನ್ಸಿನ ತಿರುಪು ಬಿಚ್ಚುತ್ತ. "ಬಟಾಣಿ ಚೀಲದ ಮ್ಯಾಲ."