ಮೌಲಾ ಸಾಬರು ಮಾಡಿದ ಮೂಳೆಗಳು

ಹರಿಹರದ ಬಡಗಿ ಮೌಲಾ ಸಾಬರ ವಿಷಯ ಬರೆಯಲು ನನಗೆ ಮುಖವಿಲ್ಲ. ಆದರೂ ಬರೆಯುತ್ತೇನೆ. ನಾನು ಬರೆಯದಿದ್ದರೆ ಅವರಂತೂ ಬಾಯಿ ಬಿಡುವವರಲ್ಲ.

ದಾವಣಗೆರೆಯಲ್ಲಿ ಮೂಳೆ ಆಪರೇಷನ್ ಕಲಿಯುವ ನಮಗೆ ರೋಗಿಯನ್ನು ಮುಟ್ಟುವ ಮೊದಲು ಮರದ ಮೂಳೆಗಳ ಮೇಲೆ ಅಭ್ಯಾಸ, ಅವುಗಳ ಮೇಲೆಯೇ ಪರೀಕ್ಷೆ. ಅವನ್ನು ಮಾಡಿಕೊಡುತ್ತಿದ್ದವರು ಸಾಬರು. ನಲವತ್ತು ವರ್ಷ ಬಾಗಿಲು, ಮಂಚ ಮಾಡಿದ ಕೈ. ಹೊರಗೆ ಗಟ್ಟಿ, ಒಳಗೆ ಮೆತ್ತಗೆ, ಥೇಟ್ ತೊಡೆಯ ಮೂಳೆ! ಕೂಸಿನ ಹಾಗೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತರುತ್ತಿದ್ದರು.

ಬಡಗಿಗಳ ರೂಢಿಯಂತೆ, ತೂತು ಕೊರೆಯುವ ಜಾಗದಲ್ಲಿ ಮೊಳೆಯ ತುದಿಯಿಂದ ಸಣ್ಣ ಗುಳಿ ಹೊಡೆದಿರುತ್ತಿದ್ದರು. ಒಮ್ಮೆ ನನ್ನನ್ನೇ ಕೇಳಿದರು: "ಬೈರಿಗೆ ಜಾರಬಾರ್ದು ಅಂತ ಹೊಡ್ದೀನಿ ಡಾಕ್ಟ್ರಮ್ಮ. ಬ್ಯಾಡಂದ್ರೆ ಬಿಡ್ತೀನಿ."

ಆ ಜಾಗವನ್ನು ನಾವೇ ಹುಡುಕಬೇಕು, ಪರೀಕ್ಷೆ ಇರುವುದೇ ಅದಕ್ಕೆ. ಗೊತ್ತಿದ್ದೂ "ಇರ್ಲಿ ಬಿಡ್ರಿ ಸಾಬ್ರೆ" ಎಂದೆ. ಗುಳಿ ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತಿತ್ತು. ಎಲ್ಲರಿಗಿಂತ ಮೊದಲು ಪಾಸಾದೆ. ಥೂ ನನ್ನ!

ಕೊಕ್ಕನೂರಿನ ನಿರ್ಮಲಮ್ಮನ ಮುರಿದ ಕಾಲಿಗೆ ಡ್ರಿಲ್ ಇಟ್ಟ ದಿನ ಬೆರಳಿಗೆ ಏನೂ ಸಿಗಲಿಲ್ಲ. ಡ್ರಿಲ್ ಜಾರಿತು. ಪಕ್ಕದಲ್ಲಿದ್ದ ನಮ್ಮ ಗುರು ಕಲ್ಲೇಶಪ್ಪ ಸರ್ ಗಬಕ್ಕನೆ ಕೈ ಹಿಡಿಯದಿದ್ದರೆ ರಕ್ತನಾಳ ಹರಿದೇ ಹೋಗುತ್ತಿತ್ತು. ಉಳಿದದ್ದನ್ನು ಅವರೇ ಮುಗಿಸಿದರು.

ಮೊದಲು ಪಾಸಾದವಳ ಡ್ರಿಲ್ ಹೇಗೆ ಜಾರಿತೆಂದು ಮರುದಿನ ಸರ್ ಮರದ ಮೂಳೆಗಳನ್ನು ಸವರಿ ನೋಡಿದರು, ಗುಳಿ ಸಿಕ್ಕಿತು. ಸಾಬರನ್ನು ಕರೆಸಿ ನಮ್ಮೆಲ್ಲರ ಎದುರು ಕೂಗಾಡಿದರು: "ಇದನ್ನ ಹೊಡೀರಿ ಅಂತ ಯಾರ್ರೀ ಹೇಳಿದ್ರು? ಒಬ್ಬ ಹೆಣ್ಮಗಳ ಕಾಲಿಗೇ ಕುತ್ತು ತಂದ್ರಲ್ರೀ!"

ಸಾಬರು ನನ್ನ ಕಡೆ ಒಮ್ಮೆ ನೋಡಿದರು. ನಾನು ನೆಲ ನೋಡಿದೆ. "ಯಾರೂ ಹೇಳಿಲ್ರೀ ಸಾರ್, ತಪ್ಪು ನಂದೇ" ಎಂದರು. ಅವರ ಕೆಲಸ ಹೋಯಿತು. ನನ್ನ ನಾಲಿಗೆ ಬಿದ್ದುಹೋಗಿತ್ತೇನು?

ಹದಿನೈದು ದಿನ ಒದ್ದಾಡಿ ಹರಿಹರಕ್ಕೆ ಹೋದೆ. ಕ್ಷಮೆ ಕೇಳಲು ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲಲ್ಲೇ ಅವರ ಹೆಂಡತಿ ನೂರ್ಜಹಾನ್, "ಅವತ್ತಿಂದ ಉಳಿ ಮುಟ್ಟಿಲ್ಲಮ್ಮ, ಬಾಗ್ಲು ಮಂಚದ ಕೆಲ್ಸಾನೂ ಬಿಟ್ಟಾರೆ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಸಾಬರು ಎದ್ದು ಬಂದರು. "ಡಾಕ್ಟ್ರಮ್ಮ, ಆ ತಾಯಿ ಕಾಲು ಉಳೀತಾ?"

ನಿರ್ಮಲಮ್ಮ ವಾಕರ್ ಹಿಡಿದು ಮನೆಗೆ ಹೋಗಿ ವಾರವಾಗಿತ್ತು. ಅದೊಂದು ಮಾತನ್ನು ಈ ಮನುಷ್ಯನಿಗೆ ತಿಳಿಸಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನನಗೂ.

ಹೇಳಿದೆ. ಸಾಬರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅವರ ಎದುರಿಗೇ ಸರ್‌ಗೆ ಫೋನ್ ಮಾಡಿ ನಡೆದದ್ದೆಲ್ಲ ಒಪ್ಪಿಕೊಂಡೆ.

"ನಾಚ್ಕೆ ಆಗಲ್ವೇನಮ್ಮ ನಿಂಗೆ?" ಎಂದು ಸರ್ ಬೈದರು. ಇನ್ನಷ್ಟು ಬೈಯಲಿ ಎನಿಸಿತು.