ಹುಲ್ಲಿನ ನಡುವೆ ಒಂದು ಗೇಣು ಮಣ್ಣು

ಒದ್ದೆ ಗೋಣಿಚೀಲದಲ್ಲಿ ಒಂದು ದಿನ ಕಟ್ಟಿಟ್ಟ ಗರಿಕೆಗೆ ಅದರದ್ದೇ ಆದ ವಾಸನೆ ಇರುತ್ತದೆ. ಅರ್ಧ ಹಸಿರು, ಅರ್ಧ ಕೊಳೆತದ್ದು. ಮೊನ್ನೆ ನರಸಿಂಹರಾಜಪುರದಲ್ಲಿ, ನಾನಿರುವ ಬಾಡಿಗೆ ಮನೆಯ ಮುಂದೆ ಅಂಥ ಎರಡು ಚೀಲ ಬಂದು ಬಿದ್ದವು. ಮನೆಯ ಯಜಮಾನಿಗೆ ಯುಗಾದಿಯೊಳಗೆ ಲಾನ್ ಆಗಬೇಕು. ನಾನು ಸಸ್ಯಶಾಸ್ತ್ರ ಪಾಠ ಮಾಡುವವಳಾದ್ದರಿಂದ “ಸ್ವಲ್ಪ ನೋಡ್ಕೊಳ್ಳಿ” ಎಂದು ಹೇಳಿ ಅವರು ಮಗಳ ಮನೆಗೆ ಹೊರಟುಹೋದರು. ಸಸ್ಯಶಾಸ್ತ್ರ ಓದಿದವರಿಗೆ ಹುಲ್ಲು ನೆಡಲು ಬರುತ್ತದೆ ಎಂಬುದು ಜನರ ನಂಬಿಕೆ. ಬರುವುದಿಲ್ಲ. ಹುಲ್ಲಿನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದನ್ನು ಕಲಿಸಿದವಳು ನನ್ನ ಸೋದರತ್ತೆ. ಅವಳಾದರೋ ಬದುಕಿಡೀ ಹುಲ್ಲನ್ನು ಕೆತ್ತಿ ಎಸೆದವಳು.

ನಾನು ಎಂಎಸ್ಸಿ ಪರೀಕ್ಷೆ ಮುಗಿಸಿ ಕೊಪ್ಪದ ಮನೆಗೆ ಬಂದು ಕೂತಿದ್ದ ವರ್ಷ ಅದು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಸಣ್ಣ ಮನೆ, ಮುಂದೆ ಅದಕ್ಕಿಂತ ತುಸು ದೊಡ್ಡ ಅಂಗಳ. ಅತ್ತೆ ಎಂದರೆ ಅಪ್ಪನ ಅಕ್ಕ. ಕೆರೆಕಟ್ಟೆಯ ಕಡೆ ಇಪ್ಪತ್ತೆರಡು ವರ್ಷ ಒಬ್ಬಳೇ ಕೋಣೆ ಮಾಡಿಕೊಂಡು ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಿಯಾದ ಮೇಲೆ ನಮ್ಮಲ್ಲಿಗೆ ಬಂದಿದ್ದಳು. ಅಂಗಳ ಅವಳ ಆಡಳಿತಕ್ಕೆ ಸೇರಿತ್ತು. ಮಳೆ ಬಿಟ್ಟ ಕೂಡಲೇ ಹುಲ್ಲು ಕೆತ್ತಿಸಿ, ಮಣ್ಣು ಬಡಿಸಿ, ಸಗಣಿ ಸಾರಿಸಿ, ಅನ್ನ ಬಿದ್ದರೂ ಎತ್ತಿ ತಿನ್ನಬಹುದು ಎನ್ನುವ ಹಾಗೆ ಇಟ್ಟುಕೊಳ್ಳುತ್ತಿದ್ದಳು.

ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತ. ಯಾವುದೋ ತರಬೇತಿಗೆಂದು ಹದಿನೈದು ದಿನ ಮೈಸೂರಿಗೆ ಹೋದವನು ಅಲ್ಲಿ ಲಾನ್ ನೋಡಿ ಬಂದ. ಶಿವರಾತ್ರಿಯ ಮಾರನೆಯ ದಿನ, ಕಾಫಿ ಕುಡಿಯುತ್ತಾ ಘೋಷಿಸಿದ. “ಮಳೆಗಾಲದೊಳಗೆ ಬೇರು ಹಿಡೀಬೇಕು. ಅಂಗಳಕ್ಕೊಂದು ಕಳೆ ಬರುತ್ತೆ.”

“ಕಳೆ ಬರುತ್ತೆ ಅಂತಲೇ ನಾನೂ ಹೇಳ್ತಿರೋದು” ಎಂದಳು ಅತ್ತೆ.

ಅವಳ ಆಕ್ಷೇಪಣೆಗಳು ದಿನಕ್ಕೊಂದರಂತೆ ಬಂದವು. ಹಾವು ಬರುತ್ತದೆ. ಮಳೆಗಾಲದಲ್ಲಿ ರಕ್ತ ಹೀರುವ ಉಂಬಳ ಕಾಲಿಗೆ ಹತ್ತುತ್ತದೆ. ಗಣಪತಿಗೆ ಏರಿಸುವ ಗರಿಕೆಯನ್ನು ತುಳಿದುಕೊಂಡು ತುಳಸಿಗೆ ಪ್ರದಕ್ಷಿಣೆ ಬರುವುದೇ? ಈ ಕೊನೆಯದಕ್ಕೆ ನಾನು ಗರಿಕೆಯ ವೈಜ್ಞಾನಿಕ ಹೆಸರು ಹೇಳಿ, ಅದು ಪ್ರಪಂಚದ ತುಂಬ ಜನ ತುಳಿಯುವ ಹುಲ್ಲು ಎಂದು ವಿವರಿಸಿದೆ. ಅತ್ತೆ ನನ್ನ ಕಡೆ ಮುಖ ತಿರುಗಿಸಿ, “ಹೆಸರು ಬದಲಾಯಿಸಿ ತುಳಿದ್ರೆ ಪಾಪ ಇಲ್ವಾ ಹಾಗಾದ್ರೆ?” ಎಂದಳು. ಅಮ್ಮ ಯಾರ ಪಕ್ಷವನ್ನೂ ವಹಿಸದೆ, ಬಾವಿಯಿಂದ ನೀರು ಸೇದುವವರು ಯಾರು ಎಂದಷ್ಟೇ ಕೇಳಿದಳು.

ಸೇದುವವಳು ನಾನೇ ಆದೆ. ವರ್ಷಾ ವರ್ಷ ಹುಲ್ಲು ಕೆತ್ತಲು ಬರುತ್ತಿದ್ದ ಲಕ್ಷ್ಮಿ ಬಂದಳು. “ಇಷ್ಟು ವರ್ಷ ಕೆತ್ತು ಅಂತಿದ್ರಿ, ಈಗ ನೆಡು ಅಂತೀರಿ. ಅಯ್ಯಾ, ಎಷ್ಟು ದನ ಕಟ್ಟೋ ಯೋಚನೆ?” ಎಂದು ಕೇಳಿ ಓಣಿಯವರೆಲ್ಲ ನಗುವಂತೆ ಮಾಡಿದಳು. ಅಂಗಳ ಅಗೆಯಲು ಎರಡು ದಿನ ಹಿಡಿಯಿತು. ಅಷ್ಟು ವರ್ಷ ಬಡಿದ ಮಣ್ಣು, ಹಾರೆ ಹಾಕಿದರೆ ಠಣ್ ಎನ್ನುತ್ತಿತ್ತು. ಕಲ್ಲು ಆರಿಸಿ, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ, ಮಟ್ಟ ಮಾಡಿದೆವು. ನಾನು ದಾರ ಹಿಡಿದು, ಒಂದೊಂದು ಗೇಣಿಗೆ ಒಂದು ಎಳೆಯಂತೆ ನೆಡಿಸಿದೆ. ಅತ್ತೆ ಮೆಟ್ಟಿಲ ಮೇಲೆ ಕೂತು ಹಾರೆಯ ಸದ್ದನ್ನು ಕೇಳುತ್ತಿದ್ದಳು. ಕೇಳುತ್ತಿದ್ದಳು ಎಂದು ಈಗ ಬರೆಯುತ್ತೇನೆ. ಆಗ, ನೋಡುತ್ತಿದ್ದಾಳೆ ಎಂದುಕೊಂಡಿದ್ದೆ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಆ ವರ್ಷ ಅತ್ತೆ ದಿನವೂ ನನ್ನಿಂದ ಪತ್ರಿಕೆ ಓದಿಸುತ್ತಿದ್ದಳು. “ಗಟ್ಟಿಯಾಗಿ ಓದು. ನಿನ್ನ ಉಚ್ಚಾರ ಹಾಳಾಗಿದೆ” ಎನ್ನುತ್ತಿದ್ದಳು. ಅಲ್ಪಪ್ರಾಣ, ಮಹಾಪ್ರಾಣ ತಪ್ಪಿದರೆ ನಿಲ್ಲಿಸಿ ತಿದ್ದುತ್ತಿದ್ದಳು. ಸ್ನಾತಕೋತ್ತರ ಪದವಿಯ ಹೊಸ್ತಿಲಲ್ಲಿದ್ದ ನನಗೆ ಮೂರನೆಯ ಕ್ಲಾಸಿಗೆ ಮರಳಿ ಸೇರಿಸಿದಂತೆ ಅವಮಾನವಾಗುತ್ತಿತ್ತು. ಅವಮಾನವಾಗುತ್ತಿದ್ದವಳಿಗೆ ಬೇರೇನೂ ಹೊಳೆಯಲಿಲ್ಲ.

ಮೂರು ವಾರಕ್ಕೆ ಗರಿಕೆ ಚಿಗುರಿತು. ಒಂದು ಬೆಳಿಗ್ಗೆ ನೋಡಿದರೆ, ಮೆಟ್ಟಿಲಿನಿಂದ ತುಳಸಿಕಟ್ಟೆಗೆ, ಅಲ್ಲಿಂದ ಗೇಟಿಗೆ, ಒಂದು ಗೇಣು ಅಗಲಕ್ಕೆ ಹುಲ್ಲು ಕಿತ್ತುಹೋಗಿ ಕೆಂಪು ಮಣ್ಣು ಕಾಣುತ್ತಿತ್ತು. ಅಪ್ಪ ಯಾರದೋ ದನವನ್ನು ಬೈಯತೊಡಗಿದ.

“ದನ ಅಲ್ಲ ಮಾರಾಯ, ನಾನು” ಎಂದಳು ಅತ್ತೆ. “ಎಂತ ಈಗ?”

ಅಪ್ಪ ಅವಳೊಂದಿಗೆ ಮಾತು ಬಿಟ್ಟ. ಲಕ್ಷ್ಮಿಯನ್ನು ಕರೆಸಿ ಮತ್ತೆ ನೆಡಿಸಿದ. ವಾರದೊಳಗೆ ಮತ್ತೆ ಅದೇ ಜಾಗ, ಅದೇ ಅಗಲ. ಮತ್ತೆ ನೆಡಿಸಿದ. ಹಠಕ್ಕೆ ಹಠ ಎಂದು ನಾವೆಲ್ಲ ತೀರ್ಮಾನಿಸಿದೆವು. ಹಠಕ್ಕೆ ಕೆತ್ತುವವರು ಎಲ್ಲಿ ಬೇಕಾದರೂ ಕೆತ್ತಬಹುದಿತ್ತಲ್ಲ ಎಂದು ನನಗೂ ತೋಚಲಿಲ್ಲ.

ಮೂರನೆಯ ಸಲ ನಾನು ಕಂಡೆ. ಮಧ್ಯಾಹ್ನ, ಅಮ್ಮ ಮಲಗಿದ್ದಳು. ಅತ್ತೆ ಕುಕ್ಕುರುಗಾಲಿನಲ್ಲಿ ಕೂತು, ಎಡಗೈಯಿಂದ ನೆಲ ತಡವಿ, ತಡವಿದಷ್ಟನ್ನೇ ಬಲಗೈಯ ಕಳೆಗುದ್ದಲಿಯಿಂದ ಕೆತ್ತಿ, ಮತ್ತೆ ತಡವುತ್ತಿದ್ದಳು. ನಾನು ಆರಡಿ ದೂರದಲ್ಲಿ, ಅವಳ ಎದುರಿಗೇ ನಿಂತಿದ್ದೆ. ಅವಳು ತಲೆ ಎತ್ತಿದಳು.

“ಯಾರು? ಲಕ್ಷ್ಮಿಯಾ?”

ನಾನು ಒಂದು ಹೆಜ್ಜೆ ಮುಂದೆ ಬಂದೆ.

“ಬಾಯಿ ಬಿಡೇ, ಯಾರು?”

“ನಾನು ಅತ್ತೆ” ಎಂದೆ. ಆಮೇಲೆ, “ಎಷ್ಟು ದಿನದಿಂದ?” ಎಂದು ಕೇಳಿದೆ.

ಅವಳು ಗುದ್ದಲಿಯ ಮಣ್ಣು ಒರೆಸಿದಳು. “ಚೌತಿ ಹೊತ್ತಿಗೆ ಮಂಜು ಮಂಜಾಯ್ತು. ಈಗ ಬೆಳಕು ಗೊತ್ತಾಗುತ್ತೆ, ಕತ್ತಲೆ ಗೊತ್ತಾಗುತ್ತೆ. ನಡುವಿಂದು ಗೊತ್ತಾಗಲ್ಲ.” ಅಂಗೈಯಿಂದ ನೆಲ ತಟ್ಟಿ ಹೇಳಿದಳು. “ಅಂಗಳ ಗಟ್ಟಿ ಇದ್ದಾಗ ಕಾಲೇ ಹೇಳ್ತಿತ್ತು. ಹನ್ನೊಂದು ಹೆಜ್ಜೆಗೆ ಕಟ್ಟೆ, ಇಳಿಜಾರು ಸಿಕ್ಕಿದ್ರೆ ಗೇಟು. ಈಗ ಎಲ್ಲ ಕಡೆ ಒಂದೇ ಥರ ಮೆತ್ತಗೆ. ಎಲ್ಲಿ ನಿಂತಿದ್ದೀನಿ ಅಂತಲೇ ತಿಳಿಯಲ್ಲ ಮಾರಾಯ್ತಿ.”

“ಅಪ್ಪನ ಹತ್ರ ಹೇಳಬಹುದಿತ್ತಲ್ಲ?”

“ಹೇಳಿದ್ರೆ ನಾಳೆಯಿಂದ ಕೈ ಹಿಡ್ಕೊಂಡು ತಿರುಗಿಸ್ತಾನೆ. ಗೇಟಿನವರೆಗೆ ಹೋಗೋಕೂ ಜನ ಬೇಕು ಅಂತಾನೆ. ನಂಗೆ ಆಗಲ್ಲ. ನೀನೂ ಹೇಳ್ಬೇಡ.”

ಗುಟ್ಟು ಇಟ್ಟುಕೊಳ್ಳುವುದು ನನಗೆ ಕಷ್ಟದ ಕೆಲಸವಲ್ಲ, ನನ್ನ ಸ್ವಭಾವವೇ ಅದು. ಆದರೆ ಆ ದಿನ ನಾನು ಚೌಕಾಸಿ ಮಾಡಿದೆ. ದಾರಿಯನ್ನು ನಾನು ಉಳಿಸಿಕೊಡುತ್ತೇನೆ, ಅವಳು ನನ್ನ ಜೊತೆ ಶಿವಮೊಗ್ಗಕ್ಕೆ ಬಂದು ಕಣ್ಣು ತೋರಿಸಬೇಕು. ಅವಳು ಗುದ್ದಲಿಯನ್ನು ಪಕ್ಕಕ್ಕಿಟ್ಟು, “ಮೊದಲು ದಾರಿ” ಎಂದಳು.

ಸಂಜೆ ಅಪ್ಪನಿಗೆ ಹೇಳಿದೆ. “ಲಾನ್ ನಡುವೆ ಕಾಲುದಾರಿ ಬಿಡಲೇಬೇಕಂತೆ. ಇಲ್ಲದಿದ್ರೆ ಬೇರಿಗೆ ಗಾಳಿ ಆಡಲ್ಲ.”

“ಪುಸ್ತಕದಲ್ಲಿದೆಯಾ?”

“ಇದೆ.”

“ಡೊಂಕಾಗಿಯೇ ಬಿಡಬೇಕಾ?”

“ಡೊಂಕಾಗಿದ್ರೆ ಇನ್ನೂ ಒಳ್ಳೇದು.”

ಎರಡು ವರ್ಷದ ವ್ಯಾಸಂಗದಿಂದ ಮನೆಗೆ ಆದ ಉಪಯೋಗ ಇಷ್ಟೇ. ಅಕ್ಕನ ಮಾತಿಗೆ ಬಗ್ಗದ ಅಪ್ಪ ಪುಸ್ತಕದ ಮಾತಿಗೆ ಬಗ್ಗಿದ. ದಾರಿಯ ಅಂಚಿಗೆ ಬೆಣಚುಕಲ್ಲು ಜೋಡಿಸಿ, ಬಂದವರಿಗೆ ಗಾಳಿ, ಬೇರು ಎಂದು ವಿವರಿಸತೊಡಗಿದ. ಅತ್ತೆಯ ಕಾಲಿಗೆ ಆ ಕಲ್ಲುಗಳು ಇನ್ನೂ ಅನುಕೂಲವಾದವು.

ಅಂಕಪಟ್ಟಿ ತರುವ ನೆಪದಲ್ಲಿ ನಾವು ಶಿವಮೊಗ್ಗಕ್ಕೆ ಹೋದೆವು. ಕಣ್ಣಿಗೆ ಪೊರೆ, ತೆಗೆಯಬಹುದು ಎಂದರು ಡಾಕ್ಟರು. ಅತ್ತೆ ಎಸ್‌ಟಿಡಿ ಬೂತಿನಿಂದ ತಾನೇ ಅಪ್ಪನೊಂದಿಗೆ ಮಾತಾಡಿದಳು. “ನಂಗೆ ಪೊರೆ ಬಂದಿದೆಯಂತೆ. ಮಂಗಳವಾರ ತೆಗೀತಾರೆ. ಗಡಿಬಿಡಿ ಮಾಡ್ಬೇಡ.” ಹೊರಗೆ ಬರುವಾಗ ಮೊದಲ ಬಾರಿಗೆ ನನ್ನ ತೋಳು ಹಿಡಿದುಕೊಂಡಳು.

ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಗೇಟಿನಲ್ಲಿ ನಿಂತಳು. ಅಪ್ಪ ಪರೀಕ್ಷೆಗೆ ಕೂತವನಂತೆ ಕಾಯುತ್ತಿದ್ದ. ಅವಳು ಅಂಗಳವನ್ನೆಲ್ಲ ನಿಧಾನವಾಗಿ ನೋಡಿ, “ಇಷ್ಟೇಯಾ?” ಎಂದಳು. ಆಮೇಲೆ ಕನ್ನಡಕ ಸರಿ ಮಾಡಿಕೊಂಡು ಬಗ್ಗಿ, ಕಪ್ಪು ಹಲಗೆಯ ಮೇಲೆ ತಪ್ಪು ಕಂಡವಳಂತೆ ಕೇಳಿದಳು. “ಯಾರೇ ಇದು, ಇಷ್ಟು ಡೊಂಕು ಕೆತ್ತಿದ್ದು?”

“ನೀನೇ ಮಾರಾಯ್ತಿ” ಎಂದ ಅಪ್ಪ.

ಅತ್ತೆ ದಾರಿಯ ಉದ್ದಕ್ಕೂ ನೋಡಿದಳು. ಮೆಟ್ಟಿಲಿನವರೆಗೆ ನಡೆದು, ತಿರುಗಿ ಇನ್ನೊಮ್ಮೆ ನೋಡಿದಳು. “ಹಾಗಾದ್ರೆ ಇರ್ಲಿ” ಎಂದಳು.

ಮರುದಿನದಿಂದ ಪತ್ರಿಕೆಯನ್ನು ತಾನೇ ಓದಿಕೊಳ್ಳತೊಡಗಿದಳು. ನನ್ನ ಉಚ್ಚಾರ ಹಾಗೇ ಉಳಿಯಿತು.

ಮೊನ್ನೆ ಇಲ್ಲಿ ಗರಿಕೆ ನೆಡಲು ಬಂದವನು ಮೆಟ್ಟಿಲಿನಿಂದ ಗೇಟಿಗೆ ಗೂಟ ಹೊಡೆದು, ನೇರ ದಾರ ಎಳೆದು, “ದಾರಿ ಇಲ್ಲಿ ಬಿಡ್ಲಾ ಮೇಡಂ?” ಎಂದು ಕೇಳಿದ. ಒಪ್ಪುವವಳಿದ್ದೆ. ಚೀಲದ ವಾಸನೆ ಬಂತು. ಚಪ್ಪಲಿ ಬಿಟ್ಟು ಮೆಟ್ಟಿಲಿಳಿದೆ. ಕಣ್ಣು ಮುಚ್ಚಿಕೊಂಡು, ಹೊಸದಾಗಿ ಹರಡಿದ ಮಣ್ಣಿನ ಮೇಲೆ ಗೇಟಿನ ಕಡೆಗೆ ನಡೆದೆ. ಹನ್ನೊಂದು ಹೆಜ್ಜೆಯಾದ ಮೇಲೂ ಕಣ್ಣು ಬಿಡಲಿಲ್ಲ. ಕೈಗೆ ಗೇಟಿನ ಬದಲು ಬೇಲಿ ಸಿಕ್ಕಿತು. ತಡವುತ್ತಾ ಹೋಗಿ ಗೇಟನ್ನು ಹಿಡಿದೆ.

ತಿರುಗಿ ನೋಡಿದರೆ ಅವನು ಕೆಲಸ ನಿಲ್ಲಿಸಿ, ಮಣ್ಣಿನಲ್ಲಿ ಮೂಡಿದ ನನ್ನ ಹೆಜ್ಜೆಗಳನ್ನು ದಿಟ್ಟಿಸುತ್ತಿದ್ದ.

“ಡೊಂಕಾಯ್ತಲ್ಲ ಮೇಡಂ.”

“ಇರಲಿ, ಅದರ ಮೇಲೇ ಬಿಡಿ” ಎಂದೆ.